ಮೂರು ಮಿಣುಕು, ಆಮೇಲೆ ನಾಲ್ಕು

"ಬೇಡ ಬಿಡಿ. ನಾಳೆ ಹೇಗೂ ಗುಜರಿಯವನು ಬಂದು ಕಾರು ಎತ್ಕೊಂಡು ಹೋಗ್ತಾನೆ," ಎಂದು ಭಾವ ಮತ್ತೆ ಹೇಳಿದ. ಫ್ಯೂಸಣ್ಣ ಕೈಯಲ್ಲಿದ್ದ ಬ್ಯಾಟರಿಯನ್ನು ಇಳಿಸಬೇಕೋ ಬೇಡವೋ ತಿಳಿಯದೆ ಭಾವನ ನಾದಿನಿಯ ಮುಖ ನೋಡಿದ.

"ನೋಡೇಬಿಡಿ ಅಣ್ಣ. ಹೆದರೋಕೆ ಏನಿದೆಯಂತೆ ಅವರಿಗೆ?" ಎಂದಳು ಅವಳು.

ಭಾವ ಎರಡು ಮಾರು ದೂರದಲ್ಲೇ ನಿಂತಿದ್ದ. ಅಕ್ಕ ಸತ್ತಂದಿನಿಂದ ಅವಳು ಅವನ ಜೊತೆ ನೇರ ಮಾತು ಬಿಟ್ಟಿದ್ದಳು. ಹೇಳುವುದಿದ್ದರೆ ಪಕ್ಕದವರಿಗೆ ಹೇಳುತ್ತಿದ್ದಳು, ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಗೋಡೆಗೆ.

ಕಾರಿನ ಎಡಗಡೆ, ಅಕ್ಕ ಕೂತಿದ್ದ ಕಡೆ, ಮುಂಭಾಗ ಪೂರ್ತಿ ನಜ್ಜುಗುಜ್ಜಾಗಿತ್ತು. ಬಲಗಡೆ ಬಾಗಿಲಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ನೋಡಿದಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಹಾಡಹಗಲು, ಎದುರಿಗೆ ಒಂದು ಗಾಡಿಯೂ ಇಲ್ಲ, ಆದರೂ ಕಾರು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಮೋರಿಯ ಕಟ್ಟೆಗೆ ಗುದ್ದಿತ್ತು. ರಸ್ತೆ ಮೇಲೆ ಜಲ್ಲಿಪುಡಿ ಚೆಲ್ಲಿತ್ತು, ಬ್ರೇಕ್ ಒತ್ತಿದೆ, ಸ್ಟೀರಿಂಗ್ ತಿರುಗಿಸಿದೆ, ಗಾಡಿ ಕೇಳಲಿಲ್ಲ ಎಂದು ಭಾವ ಹೇಳಿದ್ದ. ಒಮ್ಮೆ ಹೇಳಿದ, ಆಮೇಲೆ ಬಾಯಿ ಬಿಡಲಿಲ್ಲ. ನಿದ್ದೆ ಹೊಡೆದಿದ್ದಾನೆ ಎಂದು ಅವಳು ತೀರ್ಮಾನ ಮಾಡಿ ಅಮ್ಮನಿಗೂ ಹೇಳಿದಳು. ಅಮ್ಮ ಅಳಿಯನಿಗೆ ಬಾಗಿಲು ತೆಗೆಯುವುದನ್ನೇ ಬಿಟ್ಟರು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ನೆಂಟರಿಷ್ಟರೂ ತಮ್ಮ ತಮ್ಮ ಪಾಲಿನ ಮಾತು ಎಸೆದು ಹೋದರು.

ಗುಜರಿಗೆ ಹೋಗುವ ಮುಂಚೆ ಕಾರಿನ ಬಾಯಿಂದಲೇ ನಿಜ ಹೇಳಿಸಬೇಕೆಂದು ಫ್ಯೂಸಣ್ಣನನ್ನು ಕರೆಸಿದವಳು ಅವಳೇ. ಭಾವ ಬೇಡ ಬೇಡ ಎಂದಷ್ಟೂ ಅವಳ ಅನುಮಾನ ಗಟ್ಟಿಯಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಫ್ಯೂಸಣ್ಣ ಗಾಡಿಗಳ ವೈರಿಂಗ್ ಕೆಲಸದವನು. ಸಿಟ್ಟು ಬಂದರೆ ಮಾತು ಪಟ್ಟನೆ ನಿಂತುಹೋಗುತ್ತಿದ್ದುದರಿಂದ ಆ ಹೆಸರು. ಸಿಟ್ಟಿಲ್ಲದಾಗ ಬಾಯಿಗೆ ಬಿಡುವಿಲ್ಲ. ಬ್ಯಾಟರಿ ಜೋಡಿಸಿ, ಸೊಟ್ಟಗಾದ ಬಾನೆಟ್ಟನ್ನು ಕೋಲು ಕೊಟ್ಟು ಎತ್ತಿ, ಒಳಗಿದ್ದ ಪುಟ್ಟ ಡಬ್ಬಿಯ ಮುಚ್ಚಳ ತೆಗೆದು ಎರಡು ತೂತುಗಳ ನಡುವೆ ತುಂಡು ತಂತಿ ಸಿಕ್ಕಿಸಿದ.

"ಹೊಸ ಗಾಡಿ ಆದ್ರೆ ಮಿಷನ್ ಹಾಕಿದ ತಕ್ಷಣ ಎಲ್ಲಾ ಪರದೆ ಮೇಲೆ ಬರುತ್ತೆ. ಇದು ಹಳೇದು, ಕಣ್ಣು ಮಿಟುಕಿಸಿ ಮಾತಾಡೋ ಜಾತಿ. ಒಳಗೆ ಕೂತು ಕೀ ತಿರುಗಿಸಿ ಅಮ್ಮ. ಎಬಿಎಸ್ ಅನ್ನೋ ಬ್ರೇಕಿನ ದೀಪ ಎಷ್ಟು ಸಲ ಮಿಣುಕುತ್ತೆ, ಎಣಿಸಿ ಹೇಳಿ."

ಅವಳು ಭಾವನ ಸೀಟಿನಲ್ಲಿ ಕೂತು ಕೀ ತಿರುಗಿಸಿದಳು. "ಯಾವುದೂ ಮಿಣುಕ್ತಿಲ್ಲ."

ಫ್ಯೂಸಣ್ಣ ಬಂದು ಕಿಟಕಿಯಲ್ಲಿ ತಲೆ ತೂರಿಸಿದ. "ಮಿಣುಕ್ತಿದೆ, ನಮಗೆ ಕಾಣಿಸ್ತಿಲ್ಲ. ದೀಪದ ಮೇಲೆ ಚೀಟಿ ಅಂಟಿಸಿದ ಪುಣ್ಯಾತ್ಮ ಯಾರಪ್ಪ?"

"ನಾನೇ," ಎಂದ ಭಾವ. ಪ್ರಶ್ನೆ ಮುಗಿಯುವ ಮೊದಲೇ ಅವನು ಕಾರಿನ ಹತ್ತಿರ ಬಂದಾಗಿತ್ತು. ಕೈ ಒಳಗೆ ಚಾಚಿ, ಆ ಚೀಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಕೆರೆಯತೊಡಗಿದ.

ಅಷ್ಟರಲ್ಲಿ ಅವಳು ನೋಡಿಬಿಟ್ಟಿದ್ದಳು. ಬಿಳಿಯ ದುಂಡನೆಯ ಸ್ಟಿಕ್ಕರು, ಅಂಗಿಗಳ ಸೈಜು ಬರೆಯುವಂಥದ್ದು. ಅವಳು ಕೆಲಸ ಮಾಡುವ ಬಟ್ಟೆ ಅಂಗಡಿಯದು. ಅಪಘಾತಕ್ಕೆ ಕೆಲವು ದಿನ ಮೊದಲು ಮೂವರೂ ಒಟ್ಟಿಗೆ ಹೊರಟಿದ್ದಾಗ ಈ ಹಳದಿ ದೀಪ ಹೊತ್ತಿಕೊಂಡು, ಭಾವ ನಿಮಿಷಕ್ಕೊಮ್ಮೆ ಅದನ್ನೇ ನೋಡುತ್ತ ಆಮೆಯ ಹಾಗೆ ಓಡಿಸುತ್ತಿದ್ದ. "ಇವರನ್ನ ನಂಬಿದ್ರೆ ಊಟದ ಹೊತ್ತಿಗೂ ತಲುಪಲ್ಲ ಕಣೇ," ಎಂದು ಅಕ್ಕ ಗೊಣಗಿದಳು. ಹಿಂದೆ ಕೂತಿದ್ದ ಅವಳು ತನ್ನ ತೋಳಿಗೆ ಅಂಟಿಕೊಂಡೇ ಬಂದಿದ್ದ ಸ್ಟಿಕ್ಕರನ್ನು ಕಿತ್ತು, ಸೀಟುಗಳ ನಡುವೆ ಬಗ್ಗಿ ದೀಪದ ಮೇಲೆ ಒತ್ತಿದ್ದಳು. "ತಗೊಳ್ಳಿ ಭಾವ, ನಿಮ್ಮ ಹೆದರಿಕೆ ಸೈಜು. ಡಬಲ್ ಎಕ್ಸೆಲ್!" ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಮೇಲೆ ಅವಳಿಗೆ ಅದು ಮರೆತೇಹೋಗಿತ್ತು.

ಸ್ಟಿಕ್ಕರು ಹರಿದು ಅರ್ಧ ಬಂತು. ಹಳದಿ ಬೆಳಕು ಅವಳ ಮುಖಕ್ಕೇ ಹೊಡೆಯಿತು.

"ಎಣಿಸಿ ಅಮ್ಮ," ಎಂದು ಫ್ಯೂಸಣ್ಣ ಕೂಗಿದ.

"ಮೂರು..." ಎಂದಳು. ದೀಪ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಶುರುಮಾಡಿತು. "ಆಮೇಲೆ ನಾಲ್ಕು."

"ಮೂವತ್ನಾಲ್ಕು ಅಂದ್ರೆ ಹಿಂದಿನ ಎಡ ಚಕ್ರದ ಸೆನ್ಸರು ಹೋಗಿದೆ. ಅದೊಂದು ಹೋದ್ರೆ ಇಡೀ ಎಬಿಎಸ್ ಮಲಗಿದ ಹಾಗೆ. ಬ್ರೇಕೇನೋ ಇರುತ್ತೆ. ಆದ್ರೆ ಜೋರಾಗಿ ಒತ್ತಿದ್ರೆ ಚಕ್ರ ಕಚ್ಕೊಂಡುಬಿಡುತ್ತೆ, ಗಾಡಿ ಜಾರುತ್ತೆ. ನೀವು ಎಷ್ಟೇ ತಿರುಗಿಸಿ, ಅದು ನೆಟ್ಟಗೇ ಹೋಗುತ್ತೆ. ರಿಪೇರಿ ಮಾಡಿಸ್ರಪ್ಪ ಅಂತ ಹೇಳೋಕೇ ಆ ದೀಪ ಇಟ್ಟಿರೋದು. ಅದರ ಬಾಯಿಗೇ ಚೀಟಿ ಅಂಟಿಸಿದ್ರೆ ಹೇಗೆ ಸ್ವಾಮಿ?"

"ತಪ್ಪಾಯ್ತು," ಎಂದ ಭಾವ.

ಅವಳು ಇಳಿದು ಬಾಗಿಲು ಹಿಡಿದು ನಿಂತಳು. "ಬ್ರೇಕ್ ಒತ್ತಿದ್ರೋ ಇಲ್ವೋ, ಅದನ್ನ ಹೇಳುತ್ತಾ ಅಣ್ಣ ಇದು?" ಇಲ್ಲ, ಒತ್ತಿಲ್ಲ ಎಂದೇ ಹೇಳಲಿ ಎಂದು ಒಳಗೊಳಗೇ ಬೇಡಿಕೊಂಡಳು.

"ಇದು ಹೇಳಲ್ಲ. ಟೈರು ಹೇಳುತ್ತೆ." ಫ್ಯೂಸಣ್ಣ ಮುಂದಿನ ಬಲ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿ, ನಿಧಾನಕ್ಕೆ ತಿರುಗಿಸುತ್ತ ಅಂಗೈಯಿಂದ ಸವರಿದ. ಒಂದು ಕಡೆ ಕೈ ನಿಂತಿತು. "ಇಲ್ಲಿ ಮುಟ್ಟಿ ನೋಡಿ. ಉಳಿದ ಕಡೆ ಹಲ್ಲು ಹಾಗೇ ಇದೆ, ಇಲ್ಲೊಂದೇ ಕಡೆ ತೇದು ಬೋಳಾಗಿದೆ. ಚಕ್ರ ಕಚ್ಕೊಂಡೇ ರಸ್ತೆ ಮೇಲೆ ಉಜ್ಕೊಂಡು ಹೋಗಿದೆ. ನಿದ್ದೆಯಲ್ಲಿರೋರ ಕಾಲು ಹೀಗೆ ಒತ್ತಲ್ಲಮ್ಮ. ಜೀವ ಬಿಟ್ಟು ಒತ್ತಿದಾರೆ."

ಅವಳು ಚಕ್ರದ ಮುಂದೆ ಕೂತು ಆ ಬೋಳು ಜಾಗಕ್ಕೆ ಅಂಗೈ ಇಟ್ಟಳು. "ಅಣ್ಣ, ಆ ಚೀಟಿ ಅಂಟಿಸಿದ್ದು..."

"ನಾನೇ ಅಂತ ಅಂದೆನಲ್ಲ!" ಭಾವ ಗದರಿದ. ಅವನು ಗದರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

"ನಿಮಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ಅಮ್ಮ ಬಾಗಿಲು ಹಾಕ್ಕೊಂಡಾಗಲೂ..."

ಭಾವ ಅವಳ ಪಕ್ಕ ಮಂಡಿಯೂರಿದ. "ಗಾಡಿ ನಂದು. ದೀಪ ನೋಡಿದೋನು ನಾನು, ರಿಪೇರಿ ಮಾಡಿಸದೆ ಓಡಿಸಿದೋನೂ ನಾನು. ಅಮ್ಮನ ಹತ್ರ ಏನೂ ಹೇಳ್ಬೇಡ, ನಿದ್ದೆ ಅಂತಲೇ ಇರಲಿ. ಅವತ್ತು ನಾನೂ ನಕ್ಕಿದ್ದೆ ಕಣೇ. ನಿಮ್ಮಕ್ಕ ಅಷ್ಟು ನಕ್ಕಿದ್ದು ನೋಡಿ ಎಷ್ಟೋ ದಿನ ಆಗಿತ್ತು, ಆ ಚೀಟಿ ಕೀಳೋಕೆ ಮನಸ್ಸು ಬರಲಿಲ್ಲ."

ಫ್ಯೂಸಣ್ಣನಿಗೆ ಅರ್ಥವಾಯಿತೋ ಇಲ್ಲವೋ, ತಂತಿ ಕಿತ್ತು ಜೇಬಿಗೆ ಹಾಕಿಕೊಂಡ, ಬ್ಯಾಟರಿ ಬಿಚ್ಚಿ ಪಕ್ಕಕ್ಕಿಟ್ಟ, ಬಾನೆಟ್ಟು ಇಳಿಸಿದ. ಆಮೇಲೆ ಜಾಕಿಯ ಹಿಡಿ ಹಿಡಿದು ಕಾದ.

"ಕೈ ತೆಗೀರಿ ಅಮ್ಮ, ಗಾಡಿ ಇಳಿಸ್ಬೇಕು."

ಟೈರಿನ ಬೋಳು ಜಾಗದ ಮೇಲಿದ್ದ ಅಂಗೈಯನ್ನು ಅವಳು ತೆಗೆಯಲಿಲ್ಲ.

"ಇರಲಿ, ಸ್ವಲ್ಪ ಹೊತ್ತು," ಎಂದ ಭಾವ.