ಮಾದರಿ ಓಣಿಯ ಬೆಂಚು

“ತಗ್ಗಸ್ರೋ, ತಗ್ಗಸ್ರೋ! ಕಳಸ ಬಡೀತೈತಿ!” ಎಂದು ಕಾಡಸಿದ್ದ ಕೂಗುವುದಕ್ಕೂ ವಿಮಾನದ ತುದಿ ಕಬ್ಬಿಣದ ಪಟ್ಟಿಗೆ ಠಣ್ಣೆಂದು ಬಡಿಯುವುದಕ್ಕೂ ಸರಿಹೋಯಿತು. ಚೆಂಡುಹೂವಿನ ಸರ ಹರಿದು ಕೆಂಪವ್ವನ ತಲೆಯ ಮೇಲೆ ಬಿತ್ತು. ಹಲಗೆಯ ಬಡಿತ ನಿಂತಿತು. ಭಜನೆಯವರು ಅರ್ಧಕ್ಕೇ ಬಾಯಿ ಮುಚ್ಚಿದರು.

ಮುಂದೆ ಬಲಗಡೆ ಹೆಗಲು ಕೊಟ್ಟಿದ್ದವನು ಮಗ ಮಲ್ಲೇಶ. ಹೊತ್ತವರು ವಿಮಾನವನ್ನು ಹೆಗಲಿನಿಂದ ಕೈಗೆ ಇಳಿಸಿ ಮುಂದೆ ದೂಡಿದರು. ಈಗ ಬಿದಿರು ಕೆಳಗಿನ ಗೂಟಗಳಿಗೆ ಸಿಕ್ಕಿತು. ಓಣಿಯ ಬಾಯಿಗೆ ಅಡ್ಡಲಾಗಿ ಸೊಂಟದೆತ್ತರದ ಆರು ಕಬ್ಬಿಣದ ಗೂಟ, ಏಳಡಿ ಎತ್ತರದಲ್ಲಿ ಒಂದು ಅಡ್ಡಪಟ್ಟಿ, ನಡುವೆ ಉಳಿದದ್ದು ನಾಲ್ಕಡಿ. ಲಿಂಗಾಯತರ ಹೆಣ ಮಲಗಿ ಹೋಗುವುದಿಲ್ಲ, ಕುಳಿತು ಹೋಗುತ್ತದೆ. ಕುಳಿತ ಕೆಂಪವ್ವ, ಅವಳ ಮೇಲೊಂದು ಬಿದಿರಿನ ಮಂಟಪ, ಮಂಟಪದ ಮೇಲೆ ಕಳಸ, ಎಲ್ಲ ಸೇರಿ ವಿಮಾನ ಐದೂವರೆ ಅಡಿ. ಬೆಳಿಗ್ಗೆ ಬಿದಿರನ್ನು ಬಿಡಿಬಿಡಿಯಾಗಿ ತಂದು ಮನೆಯ ಮುಂದೆಯೇ ಕಟ್ಟಿದ್ದರಿಂದ ಈ ಲೆಕ್ಕ ಯಾರ ತಲೆಗೂ ಹೊಳೆದಿರಲಿಲ್ಲ.

“ಈ ಪಟ್ಟಿ ಯಾವ ಹಲ್ಕಟ್ ಹಾಕ್ಯಾನ್ರೋ?” ಎಂದು ಕರೋಶಿಯಿಂದ ಬಂದಿದ್ದ ಬೀಗರೊಬ್ಬರು ಕೇಳಿದರು.

ಎಲ್ಲರೂ ಮಲ್ಲೇಶನ ಕಡೆ ನೋಡಿದರು. ಸಾವಿನ ಮನೆಗೆ ಬಂದರೂ ಮಂದಿಗೆ ಇಂಥದೊಂದು ಸುಖ ಬೇಕೇ ಬೇಕು ನೋಡಿ.

“ಆ ಕಡೀಂದ ಹೋಗೂಣು,” ಎಂದರು ಹಿಂದಿನವರು.

“ಆ ಕಡಿ ಎಲ್ಲೈತೋ ದಾರಿ? ಗ್ವಾಡಿ ಕಟ್ಟಿ ಹೂವಿನ ತ್ವಾಟಾ ಮಾಡ್ಯಾರಲ್ಲ ನಮ್ಮ ಮಾಸ್ತರ!”

ಮಲ್ಲೇಶನ ಕಿವಿ ಕಾದವು. ಅವ್ವನನ್ನು ಸಡಗರದಿಂದ ಕಳಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಉಳಿದಿದ್ದದ್ದು ಆ ಒಂದು ಮಾತು. ಮಿಕ್ಕ ಮಾತುಗಳನ್ನೆಲ್ಲ ಅವನು ಆಗಲೇ ಮುರಿದುಕೊಂಡಿದ್ದ.

* * *

ನಿಪ್ಪಾಣಿಯ ಅಂಚಿನ ಆ ಓಣಿಗೆ ಮೊದಲು ಚಂದ ಎಂಬುದಿರಲಿಲ್ಲ, ಸುಳ್ಳೇಕೆ ಹೇಳಬೇಕು? ಹಂಗಾಮು ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳು ಒಳದಾರಿ ಹಿಡಿದು ನುಗ್ಗುತ್ತಿದ್ದವು. ಮನೆ ತುಂಬ ಧೂಳು, ಮಕ್ಕಳನ್ನು ಹೊರಗೆ ಬಿಡುವ ಹಾಗಿರಲಿಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ ಮಲ್ಲೇಶ ಓಣಿಯವರನ್ನು ಕೂಡಿಸಿ ಒಂದು ಸಮಿತಿ ಮಾಡಿದ, ತಾನೇ ಅಧ್ಯಕ್ಷನಾದ. ರಾತ್ರಿ ಹಗಲು ಕುಳಿತು ದೊಡ್ಡದೊಂದು ಹಾಳೆಯ ಮೇಲೆ ಓಣಿಯ ಚಿತ್ರ ಬರೆದ. ನೆಲಕ್ಕೆ ಬಣ್ಣದ ಹಾಸುಗಲ್ಲು, ಸಾಲಾಗಿ ಗಿಡ, ದೀಪದ ಕಂಬ, ಕೂಡಲು ಬೆಂಚು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು.

ಕಾಲುದಾರಿಗೆ ಜಾಗ ಬೇಕಲ್ಲ? ಮನೆಗಳ ಮುಂದಿನ ಕಟ್ಟೆಗಳು ಹೋಗಬೇಕಾಗಿತ್ತು. ಎಲ್ಲರೂ ಒಪ್ಪಿದರು, ಅಧ್ಯಕ್ಷನ ಅವ್ವ ಒಬ್ಬಳು ಒಪ್ಪಲಿಲ್ಲ. ಗಂಡ ಸತ್ತ ಮೇಲೆ ಕೆಂಪವ್ವ ಆ ಕಟ್ಟೆಯ ಕರಿಕಲ್ಲಿನ ಮೇಲೆ ಕುಳಿತು ಬೀಡಿ ಕಟ್ಟಿಯೇ ಮಲ್ಲೇಶನನ್ನು ಮಾಸ್ತರನನ್ನಾಗಿ ಮಾಡಿದ್ದು. ಮಧ್ಯಾಹ್ನವಾದರೆ ಎದುರು ಮನೆಯ ಜೈನರ ತಾರಾಬಾಯಿ ಜೋಳ ಹಸನು ಮಾಡಲು ಮೊರ ಹಿಡಿದು ಬರುತ್ತಿದ್ದಳು, ಮತ್ತೆ ಮೂವರು ಮುದುಕಿಯರು ಬಂದು ಕೂಡುತ್ತಿದ್ದರು. ಓಣಿಯ ಹುಟ್ಟು ಸಾವು, ಸೊಸೆಯಂದಿರ ಸೊಕ್ಕು, ಎಲ್ಲಕ್ಕೂ ಅಲ್ಲೇ ನ್ಯಾಯ.

ಕೆಂಪವ್ವ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. “ಇದರಾಗ ನಾ ಎಲ್ಲಿ ಕುಂತೀನೋ, ಮಲ್ಲ್ಯಾ?”

ಅದರಲ್ಲಿ ನಾಲ್ಕು ಜನರಿದ್ದರು. ಎಲ್ಲರೂ ಹರೆಯದವರು, ಎಲ್ಲರೂ ನಡೆಯುತ್ತಿದ್ದವರು. ಮಲ್ಲೇಶ ಪೆನ್ಸಿಲ್ ತೆಗೆದು ಓಣಿಯ ಬಾಯಿಯ ಬೆಂಚಿನ ಮೇಲೆ ಸೆರಗು ಹೊದ್ದ ಒಂದು ಸಣ್ಣ ಆಕಾರ ಬರೆದ. “ಇಲ್ಲೆ ನೋಡವ್ವಾ. ನಿನ್ನ ಕಟ್ಟಿ ಕಲ್ಲೀಲೇ ಬೆಂಚ್ ಮಾಡಸ್ತೀನಿ. ಸಾಯೂತನಾ ಕುಂಡ್ರು.”

“ಸತ್ತರ?”

“ಸತ್ತರ ಇದ ಓಣ್ಯಾಗಿಂದ ವಿಮಾನದಾಗ, ಭಜನಿ ಹಚ್ಚಿ ಒಯ್ತೀನಿ. ಸಾಕಿಲ್ಲೋ?”

ಮುದುಕಿ ನಕ್ಕು ಹೂಂ ಅಂದಳು. ಮಗನಲ್ಲವೇ, ಇನ್ನೇನು ಅಂದಾಳು?

ಅಡ್ಡಪಟ್ಟಿಯ ದಿನ ವೆಲ್ಡಿಂಗಿನವನು, “ಒಂಬತ್ತಡಿ ಇಡೂಣೇನ್ರಿ, ಮಾಸ್ತರ?” ಎಂದು ಕೇಳಿದ್ದ. “ಏಳು ಸಾಕು,” ಎಂದಿದ್ದ ಮಲ್ಲೇಶ. “ಟ್ರ್ಯಾಕ್ಟರ್ ನಿಂದ್ರಬೇಕು. ಮನಷ್ಯಾ ಹೋದರ ಮುಗೀತಲ್ಲ?”

* * *

“ವೆಲ್ಡಿಂಗಿನವನ್ನ ಕರಸು,” ಎಂದ ಕಾಡಸಿದ್ದ. ಅವನು ಕೆಂಪವ್ವನ ತಮ್ಮ, ಮಲ್ಲೇಶನ ಸೋದರಮಾವ. “ಪಟ್ಟಿ ಕೊಯ್ದು ಒಗದ್ರ ಆತು. ಹತ್ತ ಮಿನಿಟಿನ ಕೆಲಸ.”

ಮಲ್ಲೇಶ ಪಟ್ಟಿಯನ್ನೊಮ್ಮೆ ನೋಡಿದ. “ಸೋಮವಾರ ಬೆಳಗಾವಿಂದ ನೋಡಾಕ ಬರಾವ್ರದಾರ, ಮಾಮಾ. ಮಾದರಿ ಓಣಿ ಅಂತ ಬಹುಮಾನ ಕೊಡೂದೈತಿ.”

“ಏನಂದಿ?”

“ಈಗ ಕೊಯ್ದರ ಅಷ್ಟರಾಗ ಮತ್ತ ಕೂಡ್ಸಾಕ ಆಗೂದಿಲ್ಲ…”

“ನಿಮ್ಮವ್ವ ಕೈಮ್ಯಾಲೆ ಅದಾಳಲೇ, ನಾಚಿಕಿಗೇಡಿ!”

ಮಲ್ಲೇಶ ತಲೆ ತಗ್ಗಿಸಿದ. ಆದರೆ ವೆಲ್ಡಿಂಗಿನವನಿಗೆ ಫೋನು ಮಾಡಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಹೊತ್ತವರ ತೋಳು ನಡುಗತೊಡಗಿದವು. ಕಡೆಗೆ ಬೀಗರೇ ದಾರಿ ಹುಡುಕಿದರು. ಕೆಂಪವ್ವನನ್ನು ಇಳಿಸುವುದು, ಬರಿ ವಿಮಾನವನ್ನು ಅಡ್ಡ ಮಲಗಿಸಿ ದಾಟಿಸುವುದು, ಆಚೆ ಮತ್ತೆ ಕೂಡಿಸುವುದು.

“ನೆಲಕ್ಕ ಮಾತ್ರ ಇಡಬ್ಯಾಡ್ರಿ,” ಎಂದ ಕಾಡಸಿದ್ದ. “ಮನಿಯಿಂದ ಎದ್ದ ಹೆಣ ಕುಣಿಗೇ ಇಳೀಬೇಕು.”

ನೆಲಕ್ಕಲ್ಲದಿದ್ದರೆ ಇನ್ನೆಲ್ಲಿ? ಅಲ್ಲೇ, ಪಟ್ಟಿಯ ಪಕ್ಕದಲ್ಲೇ ಬೆಂಚಿತ್ತು.

* * *

ಬೆಂಚು ಕರಿಕಲ್ಲಿನದೇ. ಕಲ್ಲಿನ ಮಟ್ಟಿಗೆ ಮಲ್ಲೇಶ ಮಾತು ಉಳಿಸಿಕೊಂಡಿದ್ದ. ಯಾರೂ ಮಲಗಬಾರದೆಂದು ಒಂದೂವರೆ ಅಡಿಗೆ ಒಂದರಂತೆ ಕಬ್ಬಿಣದ ಹಿಡಿಕೆ ಹಾಕಿಸಿದ್ದ. ಪಕ್ಕದಲ್ಲಿ ತನ್ನ ಚಂದದ ಅಕ್ಷರದಲ್ಲೇ ಫಲಕ ಬರೆದಿದ್ದ: ಒಣಹಾಕಬಾರದು, ಬೀಡಿ ಕಟ್ಟಬಾರದು, ಗುಂಪು ಕೂಡಿ ಹರಟಬಾರದು. ಇದನ್ನು ಕಾಯಲು ಬಾಳಾಸಾಬನನ್ನು ಇಟ್ಟಿದ್ದರು. ತಂಬಾಕಿನ ಗೋದಾಮಿನಲ್ಲಿ ಮೂಟೆ ಹೊತ್ತು ಸೊಂಟ ಹೋಗಿದ್ದ ಮನುಷ್ಯ. ಕೊರಳಿಗೆ ಸೀಟಿ ಕಟ್ಟಿ, ಮಲ್ಲೇಶ ಬೆರಳೆತ್ತಿದರೆ ಸಾಕು, ಊದುತ್ತಿದ್ದ.

ಬೆಂಚು ಆದ ಮರುದಿನವೇ ಕೆಂಪವ್ವ ಮೊರದಲ್ಲಿ ಬೀಡಿ ಎಲೆ ಇಟ್ಟುಕೊಂಡು ಬಂದು ಕುಳಿತಳು. ತಾರಾಬಾಯಿ ಬಂದಳು, ಉಳಿದವರೂ ಬಂದರು. ಬಾಳಾಸಾಬ ದೂರದಿಂದ ಸೀಟಿ ಊದಿದ. ಮುದುಕಿಯರು ಬೆಚ್ಚಿಬಿದ್ದು ಎದ್ದರು, ಉಡಿಯ ಎಲೆ ಚೆಲ್ಲಿದವು. ಆಗಲೇ ಮಲ್ಲೇಶ ಶಾಲೆಯಿಂದ ಸ್ಕೂಟರಿನಲ್ಲಿ ಬಂದ.

“ಸಾಹೇಬ್ರ, ಇವರು ನಿಮ್ಮವ್ವಾರು ಅಂತ…” ಎಂದು ಬಾಳಾಸಾಬ ತಡವರಿಸಿದ.

ಓಣಿಯ ಮಂದಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. “ರೂಲ್ ಎಲ್ಲಾರ್ಗೂ ಒಂದ,” ಎಂದು ಮಲ್ಲೇಶ ಅವ್ವನ ಮುಖ ನೋಡದೆ ಒಳಗೆ ಹೋದ.

ಹೀಗೆ ನಾಲ್ಕು ಸಲವಾಯಿತು. ಐದನೆಯ ಸಲ ಕೆಂಪವ್ವ ಹೊರಗೆ ಬರಲಿಲ್ಲ. ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಆರು ತಿಂಗಳು ಕುಳಿತಳು. ಸೊಸೆ ಸೀಮಾ ಊಟಕ್ಕೆ ಕರೆದರೆ, “ಕುಂಡ್ರಾಕ ಜಾಗಾ ಇಲ್ಲದಾಕಿಗೆ ಉಣ್ಣಾಕ ಯಾಕಬೇ?” ಅನ್ನುತ್ತಿದ್ದಳು. ನಿನ್ನೆ ಸಂಜೆ ಕುಳಿತಲ್ಲೇ ಹೋದಳು.

* * *

ನಾಲ್ಕು ಜನ ಕೆಂಪವ್ವನನ್ನು ಎತ್ತಿ ಬೆಂಚಿನ ಮೇಲೆ ಕೂಡಿಸಿದರು. ಬೀಳದ ಹಾಗೆ ಯಾರು ಹಿಡಿಯುವುದು ಎಂಬ ಚಿಂತೆಯಿತ್ತು. ಯಾರೂ ಹಿಡಿಯಬೇಕಾಗಲಿಲ್ಲ. ಎರಡೂ ಕಡೆಯ ಹಿಡಿಕೆಗಳು ಅವಳನ್ನು ಬಿಗಿಯಾಗಿ ಹಿಡಿದುಕೊಂಡವು. ಹಣೆಯ ತುಂಬ ವಿಭೂತಿ, ಗದ್ದಕ್ಕೆ ಕಟ್ಟಿದ ಬಟ್ಟೆ, ಹಸಿರು ಇಳಕಲ್ ಸೀರೆ. ಗಂಡಸರೆಲ್ಲ ವಿಮಾನದ ಕಡೆ ಹೋದರು.

ಆಗ ತಾರಾಬಾಯಿ ಬಂದು ಪಕ್ಕದ ಖಾನೆಯಲ್ಲಿ ಕುಳಿತಳು. ಕೆಂಪವ್ವನ ತಲೆಯ ಮೇಲಿನ ಹೂವು ತೆಗೆದಳು. ಆ ಮೂವರು ಮುದುಕಿಯರೂ ಒಬ್ಬೊಬ್ಬರಾಗಿ ಬಂದು ಕುಳಿತರು.

“ಹೋದ ಮಂಗಳವಾರ ಮೊಮ್ಮಗಳ್ನ ನೋಡಾಕ ಬಂದಿದ್ರಬೇ ಕೆಂಪಕ್ಕಾ,” ಎಂದಳು ತಾರಾಬಾಯಿ, ದಿನದ ಮಾತಿನಂತೆ. “ಹುಡುಗ ಅಥಣಿಯಾಂವ. ನಿನಗ ಹೇಳಬೇಕಂತ ಬಂದ್ನಿ, ನೀ ಗ್ವಾಡಿಗೆ ಮಾರಿ ಮಾಡಿದ್ದಿ.” ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ವಿಮಾನ ದಾಟಿತು. ಆಚೆ ಬಿದಿರು ಬಿಗಿದು ಮುಗಿಯಿತು. ಬಿಸಿಲು ಮನೆಗಳ ಮಾಳಿಗೆ ಏರಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು, ಅಕ್ಕೋಳ ದಾರಿಯ ಹೊಲದಲ್ಲಿ ಕುಣಿ ತೋಡಿ ಕಾಯುತ್ತಿದ್ದರು.

“ಏಳ್ರಿ ಮಾವಶಿ, ಹೊತ್ತಾಗಾಕತ್ತೈತಿ,” ಎಂದ ಮಲ್ಲೇಶ.

“ನಿಂದ್ರೋ, ಮಲ್ಲ್ಯಾ. ಆರು ತಿಂಗಳಾತು ಆಕಿ ನಮ್ಮ ಕೂಡ ಕುಂತು.”

“ಏಳ್ರೀ ಅಂದ್ನಿ!”

ಮುದುಕಿಯರು ಅಲುಗಲಿಲ್ಲ. ಬೀಗರು ನೋಡುತ್ತಿದ್ದರು, ಓಣಿಯೆಲ್ಲ ನೋಡುತ್ತಿತ್ತು. ಮಲ್ಲೇಶನಿಗೆ ತಲೆ ಕೆಟ್ಟುಹೋಯಿತು. ಬಾಳಾಸಾಬನ ಕಡೆ ತಿರುಗಿ, ದಿನವೂ ಎತ್ತುವ ಹಾಗೆ ಬೆರಳೆತ್ತಿದ. ಎತ್ತಿದ ಮೇಲೆ ಅವನಿಗೆ ಅರಿವಾಯಿತು. ಆದರೆ ಬಾಳಾಸಾಬನ ಬಾಯಿಗೆ ಸೀಟಿ ಹೋಗಿಯಾಗಿತ್ತು.

ಸೀಟಿ ಕೇಳಿದ್ದೇ ತಡ, ನಾಲ್ವರೂ ಮುದುಕಿಯರು ಉಡಿ ಝಾಡಿಸಿಕೊಂಡು ದಡಬಡನೆ ಎದ್ದು ನಿಂತರು. ಕೆಂಪವ್ವ ಒಬ್ಬಳು ಏಳಲಿಲ್ಲ.