ಗುಳ್ಳೆಯ ನೀರು

ಶಿಗ್ಗಾಂವದಲ್ಲಿ ಸ್ವಂತ ದವಾಖಾನೆ ತೆರೆದ ಡಾಕ್ಟರರೊಬ್ಬರು ಅಫೀಮಿನ ಚಟ ಬಿಡಿಸುತ್ತಾರೆಂದು ಕೇಳಿ, ಆಡೂರಿನ ಮುದಕವ್ವ ಮಗ ಗುದ್ಲೆಪ್ಪನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದಳು. ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿ ಅದು. ಸೊಸೆ ಅನ್ನವ್ವ ಕೂಸನ್ನೆತ್ತಿಕೊಂಡು ತವರಿಗೆ ಹೋಗಿ ಆರು ತಿಂಗಳಾಗಿತ್ತು. ಗಂಡ ಅಫೀಮು ಬಿಟ್ಟರೆ ಬಂದೇನು, ಇಲ್ಲದಿದ್ದರೆ ಇಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು. ಅವಳದೇನೂ ತಪ್ಪಿರಲಿಲ್ಲ.

ಚಿಕಿತ್ಸೆಯೋ, ದೇವರಿಗೇ ಪ್ರೀತಿ. ಹೊಟ್ಟೆಯ ಮೇಲೆ ಉರಿಯುವ ಪಟ್ಟಿ ಅಂಟಿಸಿ ಗುಳ್ಳೆ ಎಬ್ಬಿಸುವುದು. ಅದರೊಳಗಿನ ನೀರನ್ನು ಸೂಜಿಯಲ್ಲಿ ಎಳೆದು ಅದೇ ರೋಗಿಯ ತೋಳಿಗೆ ಚುಚ್ಚುವುದು. ಯಾವುದೋ ದೂರದೇಶದ ವೈದ್ಯರು ಬರೆದದ್ದನ್ನು ಓದಿ ಡಾಕ್ಟರರು ಮನಸಾರೆ ನಂಬಿಬಿಟ್ಟಿದ್ದರು.

"ಏಳು ದಿನಾ ಅಫೀಮು ಮುಟ್ಟಸಬ್ಯಾಡ್ರಿ. ಮುಟ್ಟಿಸಿದ್ರ ಅವತ್ತ ಹೊರಗ ಹಾಕ್ತೇನಿ," ಎಂದಿದ್ದರು.

ಮೂರನೆಯ ದಿನ ಗುದ್ಲೆಪ್ಪ ಮಂಚದ ಮೇಲೆ ಹೊರಳಾಡಿದ. ಮೂಗು ಸುರಿಯಿತು, ಹೊಟ್ಟೆ ನುಲಿಯಿತು, ಕಾಲುಗಳು ತಾವಾಗಿಯೇ ಒದ್ದುಕೊಂಡವು. ಮಧ್ಯಾಹ್ನ ಅಂಗಿ ಎತ್ತಿ ಗುಳ್ಳೆ ತೋರಿಸಿದ.

"ಯವ್ವಾ, ನೋಡಿಲ್ಲೆ. ದ್ಯಾಮವ್ವ ಬಂದಾಳ. ಆಕಿ ಅಫೀಮು ಬೇಡಾಕತ್ತಾಳ. ಇಲ್ಲಾ ಅನಬ್ಯಾಡ."

ಸಿಡುಬು ಎದ್ದರೆ ದ್ಯಾಮವ್ವ ಬಂದಳೆನ್ನುವುದು ಅವರ ಸೀಮೆಯ ಮಾತು. ಆಗ ರೋಗಿ ಏನು ಬೇಡಿದರೂ ದೇವಿಯೇ ಬೇಡಿದಂತೆ, ಇಲ್ಲವೆನ್ನುವಂತಿಲ್ಲ. ಈ ಗುಳ್ಳೆ ಎಬ್ಬಿಸಿದ್ದು ಪಟ್ಟಿಯೆಂಬುದನ್ನು ಮುದಕವ್ವ ಕಣ್ಣಾರೆ ಕಂಡಿದ್ದಳು. ಮಗ ಸುಳ್ಳು ಹೇಳುತ್ತಿದ್ದಾನೆಂದೂ ಗೊತ್ತಿತ್ತು. ಆದರೆ ಎರಡು ಮಕ್ಕಳನ್ನು ಸಿಡುಬಿನಲ್ಲಿ ಆ ದೇವಿಗೆ ಒಪ್ಪಿಸಿದ ತಾಯಿ ಅವಳು; ಆ ಹೆಸರಿಗೆ ಇಲ್ಲವೆನ್ನುವ ಧೈರ್ಯ ಅವಳಿಗಿರಲಿಲ್ಲ. ಅದಕ್ಕೂ ದೊಡ್ಡ ಸಂಕಟ ಇನ್ನೊಂದಿತ್ತು. ಇವನು ಕೂಸಾಗಿದ್ದಾಗ, ತಾನು ಕಳೆ ತೆಗೆಯಲು ಹೋದರೆ ಅಳದೆ ಮಲಗಲೆಂದು, ಸಾಸಿವೆಯಷ್ಟು ಅಫೀಮನ್ನು ಬೆರಳ ತುದಿಯಿಂದ ನೆಕ್ಕಿಸಿದವಳು ಅವಳೇ. ಊರ ತಾಯಂದಿರೆಲ್ಲ ಮಾಡುತ್ತಿದ್ದದ್ದೇ ಅದು. ಆದರೂ ಚಟ ಹತ್ತಿಸಿದ್ದು ತಾನೇ ಎಂದು ಅವಳಿಗೆ ಅನ್ನಿಸುತ್ತಿತ್ತು.

ಜೀವಕ್ಕೇ ಬಂದರೆ ಇರಲೆಂದು ಎಲೆಅಡಿಕೆ ಸಂಚಿಯಲ್ಲಿ ಅಫೀಮಿನ ಒಂದು ಗುಳಿಗೆ ಇಟ್ಟುಕೊಂಡಿದ್ದಳು. ಅತ್ತಿತ್ತ ನೋಡಿ ಅವನ ಬಾಯಿಗೆ ಹಾಕಿದಳು.

ಸಂಜೆ ಡಾಕ್ಟರರು ಬಂದಾಗ ಗುದ್ಲೆಪ್ಪ ನೆಮ್ಮದಿಯಾಗಿ ಮಲಗಿದ್ದ. ನಾಡಿ ಹಿಡಿದ ಅವರ ಮುಖ ಅರಳಿತು. ರೆಪ್ಪೆ ಎತ್ತಿ, ಅಫೀಮಿಗೆ ಸೂಜಿಮೊನೆಯಷ್ಟು ಕಿರಿದಾದ ಕಣ್ಣ ಪಾಪೆ ನೋಡಿದ್ದರೆ ಗುಟ್ಟು ಬಯಲಾಗುತ್ತಿತ್ತು. ಆ ಸಂತೋಷದಲ್ಲಿ ಅಷ್ಟು ವ್ಯವಧಾನ ಎಲ್ಲಿಂದ ಬರಬೇಕು?

"ಮೂರ ದಿನಕ್ಕ ಗುಣಾ ಬಂತು ನೋಡ್ರಿ! ಇದನ್ನ ಮುಂಬೈದ ದೊಡ್ಡ ಡಾಕ್ಟರರಿಗೆ ಬರೀತೇನಿ. ನೀವು ಸೊಸಿಗೆ ಹೇಳಿ ಕಳಸ್ರಿ," ಎಂದರು.

ಪಕ್ಕದ ಮಂಚದಲ್ಲಿ ಬಂಕಾಪುರದ ಮಕ್ತುಮಸಾಬ ಇದ್ದ. ಅವನದೂ ಅದೇ ಚಟ. ಎಲುಬು ಎಣಿಸುವಷ್ಟು ಸೊರಗಿದ್ದ ಅವನು ಗುಳ್ಳೆಗೆ ಹೆದರಿ, ಊರಿಗೆ ಮರಳಲು ಗಂಟು ಕಟ್ಟಿದ್ದ. ಅವನ ಹೆಂಡತಿ ದಾವಲಬಿ ಬಂದು ಮುದಕವ್ವನ ಎರಡೂ ಕೈ ಹಿಡಿದಳು.

"ಯಕ್ಕಾ, ಖರೇ ಹೇಳ್ರಿ. ನಿಮ್ಮ ಮಗಗ ಆ ನೀರಿನಿಂದನ ಆರಾಮ ಆತೇನ್ರಿ? ನೀವು ಹೂಂ ಅಂದ್ರ ನಮ್ಮವರಿಗೂ ಮಾಡಸ್ತೇನ್ರಿ."

ಮುದಕವ್ವ ಮಗನನ್ನು ನೋಡಿದಳು, ಡಾಕ್ಟರರನ್ನು ನೋಡಿದಳು, ಏಳು ದಿನ ತಡೆಯಲಾರದ ಮಕ್ತುಮಸಾಬನ ಮೈಯನ್ನೂ ನೋಡಿದಳು. ಬಾಯಿಬಿಟ್ಟರೆ ಮಗ ಬೀದಿಗೆ ಬೀಳುತ್ತಾನೆ, ಸೊಸೆ ಮೊಮ್ಮಗ ಕೈತಪ್ಪುತ್ತಾರೆ.

"ಹೂಂ ತಂಗಿ," ಎಂದಳು. "ಅದರಿಂದನ ಆತು."

ದಾವಲಬಿ ಅಲ್ಲಾನ ಹೆಸರು ಹೇಳಿ, ಗಂಡನ ಅಂಗಿಯನ್ನು ತಾನೇ ಮೇಲೆತ್ತಿ ಹಿಡಿದಳು. ಡಾಕ್ಟರರು ಪಟ್ಟಿ ತರಲು ಹೇಳಿದರು.