ಮೇಜಿನ ಮೇಲಿನ ಹಾಜರಿ ಪುಸ್ತಕ

ನಮ್ಮ ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಂದು ಟ್ಯೂಬ್‌ಲೈಟು ಇದೆ. ಹಗಲಿಡೀ ಗುಂಯ್ ಅನ್ನುತ್ತದೆ. ನಾನು ಅರ್ಧ ಕಿವುಡಿ, ಆದರೂ ಅದರ ಕೆಳಗೆ ಕಸ ಗುಡಿಸುವಾಗ ಹಲ್ಲೆಲ್ಲ ಜುಮ್ಮೆನ್ನುತ್ತದೆ. ಗಡಿಯಾರನಿಗಂತೂ ಅದು ತಲೆಯೊಳಗೆ ಗರಗಸ ಆಡಿಸಿದ ಹಾಗೆ.

ಗಡಿಯಾರ ಎಂದರೆ ಅಲ್ಲಿನ ಗುಮಾಸ್ತ. ಹೆಸರಿಟ್ಟವಳು ನಾನೇ. ಒಂಬತ್ತೂವರೆಗೆ ಅವನು ಹೊಸ್ತಿಲು ದಾಟಿದನೆಂದರೆ ಸೂರ್ಯ ಕೂಡ ತನ್ನ ಟೈಮು ಸರಿಮಾಡಿಕೊಳ್ಳಬೇಕು. ಲಕ್ಷ ಫೈಲುಗಳಲ್ಲಿ ನಿಮ್ಮದು ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುತ್ತಾನೆ. ಆದರೆ ಮುಖ ನೋಡಿ ಮಾತಾಡುವುದಿಲ್ಲ. ಹೆಗಲು ಮುಟ್ಟಿದರೆ ಬೆಚ್ಚುತ್ತಾನೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಾನೆ. ಆಟಿಸಂ ಎಂದು ಡಾಕ್ಟರು ಬರೆದ ಕಾಗದ ಕೊಟ್ಟೇ ಕೆಲಸಕ್ಕೆ ಸೇರಿದವನು. ಎರಡು ವರ್ಷ ಮುಗಿದರೆ ಕೆಲಸ ಕಾಯಂ. ಇನ್ನೊಂದು ತಿಂಗಳು ಉಳಿದಿತ್ತು.

ಅವನು ಸಾಹೇಬರಿಗೆ ಬರೆದುಕೊಟ್ಟದ್ದು ಎರಡೇ ಸಾಲು. ಆ ಲೈಟು ಬದಲಾಯಿಸಿ. ಕೆಲಸ ಹೇಳುವಾಗ ಚೀಟಿಯಲ್ಲಿ ಬರೆದುಕೊಡಿ.

ಸಾಹೇಬರು ಏನು ಮಾಡಿದರು ಗೊತ್ತೇ? ಸಭೆ ಮಾಡಿದರು. ಗೋಡೆಯಷ್ಟಗಲದ ಬ್ಯಾನರು, ಆನೆಯ ಕಿವಿಯೂ ಹರಿಯುವಂಥ ಮೈಕು. ಎಲ್ಲರೂ ನಮ್ಮವರೇ ಎಂದು ಒಂದು ಗಂಟೆ ಕೊರೆದರು. ಫೋಟೋದವನು ಬಂದಾಗ ಗಡಿಯಾರನ ಹೆಗಲಿಗೆ ಕೈ ಹಾಕಿ ಅಮುಕಿ ಹಿಡಿದರು. ಅವನು ಕಿವಿ ಮುಚ್ಚಿಕೊಂಡು, ಕಣ್ಣು ಬಿಗಿದುಕೊಂಡು ನಿಂತ. ಆ ಫೋಟೋಕ್ಕೆ ಕಟ್ಟು ಹಾಕಿಸಿ ಬಾಗಿಲಲ್ಲೇ ತೂಗುಹಾಕಿದ್ದಾರೆ. ದಿನಾ ಒರೆಸುವವಳು ನಾನು. ಒಮ್ಮೊಮ್ಮೆ ಉಗಿಯೋಣ ಅನ್ನಿಸುತ್ತದೆ. ಉಗಿದದ್ದನ್ನು ಒರೆಸುವವಳೂ ನಾನೇ ಅಲ್ಲವೇ, ನುಂಗಿಕೊಳ್ಳುತ್ತೇನೆ.

ಲೈಟು ಗುಂಯ್ ಅನ್ನುತ್ತಲೇ ಇತ್ತು. ಫೋಟೋಕ್ಕೆ ಅವನು ಬೇಕಾಗಿದ್ದ, ಕೆಲಸಕ್ಕೆ ಬೇಕಿರಲಿಲ್ಲ.

ಮರುವಾರ ಸಾಹೇಬರು ನಡೆದಾಡುತ್ತಲೇ ನಾಲ್ಕು ಕೆಲಸ ಒಟ್ಟಿಗೆ ಒದರಿದರು. ಗಡಿಯಾರ ಅವರ ಮೇಜಿನ ಮುಂದೆ ಹೋಗಿ ನಿಂತ.

"ಬರೆದುಕೊಡಿ ಸಾರ್."

"ನಾನೇನು ನಿನ್ನ ಗುಮಾಸ್ತನೇನೋ? ಇನ್ಮೇಲೆ ನಾನು ಕರೆಯೋ ತನಕ ಈ ಟೇಬಲ್ ಹತ್ರ ಬರ್ಬೇಡ."

ಹಾಜರಿ ಪುಸ್ತಕ ಇರುವುದು ಆ ಮೇಜಿನ ಮೇಲೆಯೇ. ಎಲ್ಲರೂ ಬೆಳಿಗ್ಗೆ ಅಲ್ಲಿ ಸಹಿ ಹಾಕಿ, ಹಲ್ಲು ಕಿರಿದು ಬರಬೇಕು. ಬರಬೇಡ ಎಂದಮೇಲೆ ಗಡಿಯಾರ ಹೋಗಲಿಲ್ಲ. ಒಂಬತ್ತು ದಿನ. ಒಂಬತ್ತೂವರೆಗೆ ಬಂದ, ಐದೂವರೆಗೆ ಹೋದ. ಅವನ ಕಾಲಡಿಯ ಕಸ ಗುಡಿಸಿದವಳು ನಾನು. ಕಾಲೆತ್ತು ಮಹಾರಾಯ ಎಂದರೆ, ಇಳಿಸು ಅನ್ನುವ ತನಕ ಎತ್ತಿಕೊಂಡೇ ಇರುತ್ತಾನೆ. ಸಾಹೇಬರು ಕೇಳಿದ ಫೈಲೆಲ್ಲ ಅವನ ಕೈಯಿಂದಲೇ ಹೊರಟು, ನನ್ನ ಕೈ ದಾಟಿ, ಅವರ ಮೇಜಿಗೆ ಹೋಯಿತು. ಪುಸ್ತಕದಲ್ಲಿ ಅವನ ಸಾಲು ಖಾಲಿ ಬೀಳುವುದನ್ನು ಅವರು ದಿನಾ ನೋಡಿದರು. ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಕೆಂಪು ಶಾಯಿಯಲ್ಲಿ ಒಂಬತ್ತಕ್ಕೂ ಗೈರು ಎಂದು ಗೀಚಿದರು.

ಆಮೇಲೆ ನನ್ನನ್ನು ಕರೆದು ಕುರ್ಚಿ ತೋರಿಸಿದರು. ಹನ್ನೆರಡು ವರ್ಷ ಆ ಕುರ್ಚಿ ಒರೆಸಿದ್ದೇನೆ, ಕೂತದ್ದು ಅಂದೇ ಮೊದಲು. ಕೂರುತ್ತಲೇ ಏನೋ ನಾತ ಹೊಡೆಯಿತು. ನಾಳೆ ಮಧ್ಯಾಹ್ನ ಮೇಲಿನ ಆಫೀಸಿನವರು ತಪಾಸಣೆಗೆ ಬರುತ್ತಾರಂತೆ. ಗಡಿಯಾರ ಒಂಬತ್ತು ದಿನ ಬಂದೇ ಇಲ್ಲವೆಂದು ನಾನೂ ಟೈಪಿಸ್ಟಮ್ಮನೂ ಸಹಿ ಹಾಕಿದರೆ ಅವನನ್ನು ಮನೆಗೆ ಕಳಿಸಬಹುದಂತೆ. ಇಂಥವರಿಗೆ ಮನೆಯೇ ವಾಸಿಯಂತೆ. ನನ್ನ ಗಂಡ ಬದುಕಿದ್ದಷ್ಟು ಕಾಲ ಹೇಳಿದ ಸುಳ್ಳನ್ನೆಲ್ಲ ಕೂಡಿಟ್ಟರೂ ಇದರ ಅರ್ಧ ತೂಕ ಬರುವುದಿಲ್ಲ.

"ಸಾಹೇಬ್ರೇ, ನಂಗೆ ಬರೋದು ನನ್ನ ಹೆಸರಿನ ಅಕ್ಷರ ಅಷ್ಟೇ," ಎಂದೆ. "ಅದನ್ನೂ ಸುಳ್ಳಿಗೆ ಹಾಕ್ಬಿಟ್ರೆ ನನ್ನ ಹತ್ರ ಏನು ಉಳೀತು?"

"ನಿಂದು ಗುತ್ತಿಗೆ ಕೆಲಸ. ನೆನಪಿರ್ಲಿ."

"ಪೊರಕೆ ನಂದೇ. ತಗೊಂಡು ಹೋಗ್ತೀನಿ."

ಟೈಪಿಸ್ಟಮ್ಮ ಆಗಲೇ ಸಹಿ ಹಾಕಿಬಿಟ್ಟಿದ್ದಳು. ಮೂರು ಮಕ್ಕಳಿದ್ದಾವೆ ಅಜ್ಜಿ ಎಂದು ಟೈಪ್ ಮಿಷನ್ನಿಗೆ ಹೇಳಿದಳು, ನನಗಲ್ಲ. ಮುಖ ನೋಡಿ ಮಾತಾಡದ ರೋಗ ಗಡಿಯಾರನೊಬ್ಬನಿಗೇ ಅಂದವರು ಯಾರು?

ನಾನೇನು ಬಾಯಿ ಮುಚ್ಚಿಕೊಂಡಿರುವವಳೇ? ಸಂಜೆಯೊಳಗೆ ಸುದ್ದಿಯನ್ನು ಕಚೇರಿಯ ಮೂಲೆಮೂಲೆಗೂ ಗುಡಿಸಿ ಹಾಕಿದೆ. ಪ್ರತಿ ಮೂಲೆಯಲ್ಲೂ ನಾನು ಹಾಕಿದ್ದು ಒಂದೇ ಪ್ರಶ್ನೆ: ನಾಳೆ ನಿನ್ನ ಸಾಲೂ ಖಾಲಿ ಬಿಟ್ಟರೆ ನೀನು ಬಂದಿಲ್ಲ ಅಂತಲೇನಪ್ಪಾ?

ಮಾರನೆಯ ಬೆಳಿಗ್ಗೆ ಮೊದಲು ಬಂದವಳು ಟೈಪಿಸ್ಟಮ್ಮ. ಸಾಹೇಬರ ಕೋಣೆ ದಾಟಿ ನೇರ ತನ್ನ ಜಾಗದಲ್ಲಿ ಕೂತಳು. ಸಹಿ ಹಾಕಲಿಲ್ಲ. ಹಿಂದೆ ಬಂದ ಡ್ರೈವರ್ ಅವಳನ್ನು ನೋಡಿದ, ಅವನೂ ಹಾಕಲಿಲ್ಲ. ಹನ್ನೊಂದರ ಹೊತ್ತಿಗೆ ಇಪ್ಪತ್ತೆರಡು ಜನ ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದರು. ಪುಸ್ತಕದ ಪ್ರಕಾರ ಕಚೇರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಸಾಹೇಬರ ಹೊಟ್ಟೆ ಹೊರಗೆ ಬಂತು. ಕಾಲುಗಂಟೆ ಬಿಟ್ಟು ಅವರೂ ಬಂದರು, ಕಂಕುಳಲ್ಲಿ ಪುಸ್ತಕ. ಎಲ್ಲರ ಮೇಜಿನ ಮುಂದೆಯೂ ಹಿಡಿದರು. ಅವನದಾಗಲಿ, ಆಮೇಲೆ ನಮ್ಮದು ಎಂದರು ಎಲ್ಲರೂ. ಕಡೆಗೆ ರೆಕಾರ್ಡ್ ರೂಮಿಗೆ ಹೋಗಿ ಗಡಿಯಾರನ ಮುಂದೆ ಅದನ್ನು ಒಗೆದರು.

"ಹಾಕು ಸಹಿ."

ಗಡಿಯಾರ ಕೆಂಪು ಗೀಟುಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದ.

"ಈ ಒಂಬತ್ತು ದಿನ ನಾನು ಬಂದಿದ್ದೆ. ಇದು ತಪ್ಪು. ಇವತ್ತಿಂದಕ್ಕೆ ಮಾತ್ರ ಹಾಕ್ಬೇಕಾ, ಇದಕ್ಕೆಲ್ಲಾನಾ? ಬರೆದುಕೊಡಿ ಸಾರ್."

ಸಾಹೇಬರು ತಿರುಗಿದರು. ಬಾಗಿಲ ತುಂಬ ನಾವೇ. ಟೈಪಿಸ್ಟಮ್ಮ ಒಳಗೆ ಹೋಗಿ ಒಂದು ಬಿಳಿ ಹಾಳೆ, ಪೆನ್ನು ಇಟ್ಟಳು. ನಾನು ಕುರ್ಚಿ ಒರೆಸಿ ಎಳೆದುಕೊಟ್ಟೆ.

"ಕೂತ್ಕೊಂಡು ನಿಧಾನಕ್ಕೆ ಬರೀರಿ ಸಾಹೇಬ್ರೇ. ಲೈಟಿಂದೂ ಒಂದು ಸಾಲು ಸೇರಿಸಿ."

ಎರಡು ವರ್ಷದಲ್ಲಿ ಅವರು ಆ ಲೈಟಿನ ಕೆಳಗೆ ಕೂತದ್ದು ಅದೇ ಮೊದಲು. ಪೆನ್ನು ಎತ್ತಿಕೊಂಡವರು ಬರೆಯಲಿಲ್ಲ. ಮೇಲಿನ ಗುಂಯ್‌ಗೆ ತಲೆ ಕೊಡವಿ, ಎಡಗಿವಿಯನ್ನು ಉಜ್ಜಿಕೊಂಡರು. ತಪಾಸಣೆಯವರು ಬರುವ ಹೊತ್ತಾಗುತ್ತಿತ್ತು; ನಾವು ಕಾಯುತ್ತ ನಿಂತೆವು.